ಅಚ್ಚಿನ ಪ್ರಬಂಧ ಎಡವುವುದೆಲ್ಲಿ?

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸಿಟಿಯ ಬರವಣಿಗೆ ಪರೀಕ್ಷೆಗೆ ಐದು ಪ್ಯಾರಾದ ಒಂದು ಅಚ್ಚನ್ನು (ಸಿದ್ಧ ಮಾದರಿಯನ್ನು) ಬಾಯಿಪಾಠ ಮಾಡಿಕೊಂಡರೆ ಸಾಕು ಎಂದು ಲೇಖನವೊಂದು ಹೇಳಿದೆ. ಆ ಮಾತು ಒಪ್ಪುವಂಥದ್ದಲ್ಲ. ಅದು ಅಂಥದ್ದೇ ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯ ಹಳೆಯ ಪ್ರಬಂಧದ ಪಾಠ. 2005ರಲ್ಲಿ ಬಂದ ಆ 25 ನಿಮಿಷದ ಪ್ರಬಂಧದಲ್ಲಿ ಉದ್ದಕ್ಕೆ ಬರೆದವರಿಗೇ ಹೆಚ್ಚು ಅಂಕ ಬೀಳುತ್ತಿದೆ ಎಂದು ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್ ಆಗಲೇ ತೋರಿಸಿದ್ದರು. (ಪ್ರಬಂಧದಲ್ಲಿ ಇಸವಿಯನ್ನು ತಪ್ಪಾಗಿ ಬರೆದರೂ ಅಂಕ ಕಡಿಯುತ್ತಿರಲಿಲ್ಲ!) ಎಸಿಟಿಯದು ಬೇರೆ ಲೆಕ್ಕ. 40 ನಿಮಿಷ, ಒಂದು ವಿಷಯ, ಅದರ ಮೇಲೆ ಮೂರು ಅಭಿಪ್ರಾಯ. ನಿಮ್ಮ ನಿಲುವನ್ನು ಅವುಗಳಲ್ಲಿ ಒಂದರ ಜೊತೆಗಾದರೂ ಮುಖಾಮುಖಿ ಮಾಡಬೇಕು. ಅಚ್ಚು ಬಾಯಿಪಾಠ ಮಾಡಿದವರು ಮೂರನ್ನೂ ಪ್ಯಾರಾಕ್ಕೊಂದರಂತೆ ವರದಿ ಒಪ್ಪಿಸಿ, ಕೊನೆಯಲ್ಲಿ "ಎರಡನೆಯದೇ ಸರಿ" ಎಂದು ಮುಗಿಸುತ್ತಾರೆ. ಯಾಕೆ ಸರಿ, ಮೊದಲನೆಯದು ಯಾವ ಸಂದರ್ಭದಲ್ಲಿ ಸೋಲುತ್ತದೆ ಎಂಬ ಮಾತೇ ಇರುವುದಿಲ್ಲ. ಆಗ ವಿಶ್ಲೇಷಣೆ, ಸಮರ್ಥನೆ ಎರಡರಲ್ಲೂ ಅಂಕ ಕುಸಿಯುತ್ತದೆ. ಪ್ರಬಂಧದ ಒಟ್ಟು ಅಂಕ ವಿಶ್ಲೇಷಣೆ, ಸಮರ್ಥನೆ, ಜೋಡಣೆ, ಭಾಷೆ ಎಂಬ ನಾಲ್ಕು ವಿಭಾಗಗಳ ಸರಾಸರಿಯಾದ್ದರಿಂದ, ಭಾಷೆ ಎಷ್ಟೇ ಚೊಕ್ಕವಾಗಿದ್ದರೂ ಅದೊಂದೇ ಎತ್ತಿ ಹಿಡಿಯಲಾರದು. ಈ ಪರೀಕ್ಷೆಯ ತರಬೇತಿ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಅಲ್ಲಿಯವರನ್ನು ಕೇಳಬೇಕಾದ್ದು ಇಷ್ಟೇ: ಅಭ್ಯಾಸದ ಪ್ರಬಂಧಕ್ಕೆ ನಾಲ್ಕೂ ವಿಭಾಗದ ಅಂಕವನ್ನು ಬೇರೆಬೇರೆಯಾಗಿ, ಕಾರಣ ಸಮೇತ ಕೊಡುತ್ತೀರಾ? ಅದಕ್ಕೂ ಮೊದಲು, ನೀವು ಅರ್ಜಿ ಹಾಕುವ ಕಾಲೇಜು ಈ ಪ್ರಬಂಧ ಕೇಳುತ್ತದೆಯೇ ನೋಡಿ. ಇದು ಐಚ್ಛಿಕ, ಎಸಿಟಿಯ ಮುಖ್ಯ ಅಂಕಕ್ಕೆ ಸೇರುವುದೇ ಇಲ್ಲ.