ನಾಲ್ಕು ಬೆರಳಿನ ಗ್ಯಾಪ್

ನನ್ನ ಸ್ವಿಫ್ಟ್‌ನ ಟೈರಿಗೂ ಮೇಲಿನ ಫೆಂಡರಿಗೂ ನಡುವೆ ಸರಿಯಾಗಿ ನಾಲ್ಕು ಬೆರಳಿನಷ್ಟು ಜಾಗವಿತ್ತು. ಆರು ವರ್ಷ ಆ ಕಾರು ಓಡಿಸಿದ್ದೇನೆ, ಒಂದು ದಿನವೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಗೆಳೆಯನೊಬ್ಬ ಬಂದವನು ಆ ಸಂದಿಗೆ ಕೈ ತೂರಿಸಿ, "ಏನೋ ಇದು, ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದ ಹಾಗಿದೆ ನಿನ್ನ ಕಾರು" ಅಂದ. ಅಷ್ಟೇ. ಅವತ್ತಿನಿಂದ ನನಗೆ ಕಾರು ಕಾಣುವುದೇ ನಿಂತುಹೋಯಿತು. ಬರೀ ಗ್ಯಾಪ್ ಕಾಣುತ್ತಿತ್ತು.

ಕಾರು ತಗ್ಗಿಸುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಶೋಕಿಗೆ ಅಂದರೆ ಯಾರೂ ಒಪ್ಪುವುದಿಲ್ಲವಲ್ಲ, ಅದಕ್ಕೇ ಹ್ಯಾಂಡ್ಲಿಂಗ್ ಹೆಸರು ಮುಂದೆ ಬಿಟ್ಟೆ. ಭಾರ ನೆಲಕ್ಕೆ ಹತ್ತಿರ ಬಂದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ ಅಂದೆ. ಅಮ್ಮನಿಗೆ ಅರ್ಥವಾಗಲಿ ಅಂತ ಊಟದ ಟೇಬಲ್ ಮೇಲೆ ಒಂದು ಉದ್ದ ಲೋಟ, ಒಂದು ತಟ್ಟೆ ಇಟ್ಟೆ. "ತಳ್ಳಿದರೆ ಲೋಟ ಉರುಳುತ್ತೆ, ತಟ್ಟೆ ಉರುಳುತ್ತಾ?" ಅಂತ ಕೇಳಿದೆ. "ಸರಿ, ನಾಳೆಯಿಂದ ಕಾಫಿ ತಟ್ಟೆಯಲ್ಲೇ ಕೊಡ್ತೀನಿ" ಅಂದರು.

ಗ್ಯಾರೇಜಿನವನು ಸುಲಭದ ದಾರಿ ಹೇಳಿದ. "ಸ್ಪ್ರಿಂಗ್ ಒಂದೂವರೆ ಸುತ್ತು ಕಟ್ ಮಾಡಿದ್ರೆ ಆಯ್ತು ಸಾರ್." ಕಟ್ ಮಾಡಿದ ಸ್ಪ್ರಿಂಗ್ ಗಡಸಾಗುವುದಷ್ಟೇ ಅಲ್ಲ, ಚಕ್ರ ಗುಂಡಿಯಲ್ಲಿ ನೇತಾಡಿದಾಗ ತಾನು ಕೂರುವ ಜಾಗದಿಂದ ಜಾರಿಕೊಂಡೂ ಬಿಡಬಹುದು. ಅಷ್ಟು ತಿಳಿವಳಿಕೆ ನನಗಿತ್ತು. ಹಾಗಾಗಿ 40 ಎಂಎಂ ತಗ್ಗಿಸುವ ಹೊಸ ಸ್ಪ್ರಿಂಗ್ ಸೆಟ್ಟನ್ನೇ ತರಿಸಿದೆ. ಹಳೆಯ ನಾಲ್ಕು ಸ್ಪ್ರಿಂಗ್ ಮನೆಗೆ ತಂದು ಬಾಲ್ಕನಿ ಮೂಲೆಯಲ್ಲಿಟ್ಟೆ. ಈಗ ಗ್ಯಾಪ್ ಎರಡು ಬೆರಳೂ ಇಲ್ಲ! ಸಂಜೆ ಮೂರು ಸಲ ಸುಮ್ನೆ ಪಾರ್ಕಿಂಗಿಗೆ ಇಳಿದು ನೋಡಿಕೊಂಡು ಬಂದೆ.

ಲೆಕ್ಕ ಹಾಕಿಯೇ ಮಾಡಿಸಿದ್ದೆ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ, 170 ಎಂಎಂ. ಅದರಲ್ಲಿ 40 ಹೋದರೆ 130. ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ರೋಡ್ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ಇನ್ನೂ 30 ಎಂಎಂ ಉಳಿತಾಯ. ಆದರೆ ನಮ್ಮ ಬಡಾವಣೆಯ ಹಂಪುಗಳು ಆ ಪುಸ್ತಕ ಓದಿರಲಿಲ್ಲ. ಯಾರದೋ ಮನೆಯ ಮೋಲ್ಡ್ ಹಾಕಿ ಉಳಿದ ಕಾಂಕ್ರೀಟನ್ನು ರಾತ್ರೋರಾತ್ರಿ ರಸ್ತೆಗೆ ಸುರಿದರೆ ಬೆಳಿಗ್ಗೆ ಅದೇ ಹಂಪು. ಬಣ್ಣವಿಲ್ಲ, ಬೋರ್ಡಿಲ್ಲ. ಅಗಲ ಒಂದು ಮೊಳ, ಎತ್ತರ ದೇವರಿಚ್ಛೆ.

ಇಂಥ ಹಂಪಿಗೆ ನೇರ ಹೋದರೆ ಹೊಟ್ಟೆ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ನಾನು ಹೀಗೆ ಅಡ್ಡ ತಿರುಗಿದರೆ ಹಿಂದಿನವರು ಯೂಟರ್ನ್ ಅಂದುಕೊಂಡು ಎಡಕ್ಕೆ ನುಗ್ಗುತ್ತಿದ್ದರು. ನೇರವಾದ ಕೂಡಲೇ ಬೈಗುಳ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಂತೂ ದಿನಾ ನನ್ನ ಬಂಪರಿನ ಸುಂಕ ವಸೂಲಿ ಮಾಡುತ್ತಿತ್ತು. ಆ 'ಕರ್‍ರ್' ಸದ್ದು ಮೂರನೇ ಮಹಡಿಗೂ ಕೇಳಿಸುತ್ತಿತ್ತಂತೆ. ನಾನು ಲಿಫ್ಟ್ ಹತ್ತಿ ಬಾಗಿಲು ತೆಗೆಯುವಷ್ಟರಲ್ಲಿ ಅಮ್ಮ ಕಾವಲಿ ಮೇಲೆ ದೋಸೆ ಹೊಯ್ದಿರುತ್ತಿದ್ದರು.

ಆಯುಧಪೂಜೆಯ ಮಾರನೇ ದಿನ ಬೆಂಗಳೂರಿನ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಹೆಜ್ಜೆಗೊಂದು ಒಡೆದ ಬೂದುಗುಂಬಳ. ಬೇರೆಯವರು ಚಕ್ರದ ನಡುವೆ ಬಿಟ್ಟುಕೊಂಡು ದಾಟುತ್ತಿದ್ದರು. ನಾನೂ ಬಿಟ್ಟುಕೊಂಡೆ. ಅರ್ಧ ಕುಂಬಳ ಒಳಗೆ ಹೋಯಿತು, ಆಚೆ ಬರಲಿಲ್ಲ. ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನ ಕೆಳಗಿಂದ ಕುಂಕುಮದ ನೀರು ತೊಟ್ಟಿಕ್ಕುವುದನ್ನು ನೋಡಿ ಸೆಕ್ಯುರಿಟಿಯವನು, "ಸಾರ್, ಯಾರಿಗಾದರೂ ಗುದ್ದಿದ್ರಾ?" ಅಂತ ಮೆಲ್ಲಗೆ ಕೇಳಿದ.

ಸುಳ್ಳು ಹೇಳಬಾರದು, ಹ್ಯಾಂಡ್ಲಿಂಗ್ ನಿಜಕ್ಕೂ ಚೆನ್ನಾಗಿತ್ತು. ಒಂದು ಬೆಳಿಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಗಾಡಿ ದಾರ ಕಟ್ಟಿ ಎಳೆದ ಹಾಗೆ ತಿರುಗಿತು. ಆ ಸುಖ ಸುಮಾರು ಇಪ್ಪತ್ತು ನಿಮಿಷದ್ದು. ಉಳಿದ ಹನ್ನೊಂದು ತಿಂಗಳು ನಾನು ಇದ್ದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ. ಅಲ್ಲಿ ಎತ್ತಿನಗಾಡಿಯ ಹ್ಯಾಂಡ್ಲಿಂಗೂ ನನ್ನದೂ ಒಂದೇ.

ಜನವರಿಯಲ್ಲಿ ನಾಗಮಂಗಲದ ಕಡೆ ಒಂದು ಗೃಹಪ್ರವೇಶ. ಅಪ್ಪ, ಅಮ್ಮ, ದೊಡ್ಡಮ್ಮ, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ. ಉಳಿತಾಯದ 30 ಎಂಎಂ ಮನೆ ಬಾಗಿಲಲ್ಲೇ ಖರ್ಚಾಯಿತು. ಹೆದ್ದಾರಿ ಬಿಟ್ಟ ಮೇಲೆ ಪ್ರತಿ ಊರಿನ ಹಂಪಿಗೂ, "ಎಲ್ಲರೂ ಇಳೀರಿ" ಅನ್ನಬೇಕಾಯಿತು. ದೊಡ್ಡಮ್ಮನಿಗೆ ಮೊಣಕಾಲು ನೋವು. ತಗ್ಗಿಸಿದ ಕಾರಿನಿಂದ ಅವರನ್ನು ಎಬ್ಬಿಸುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ. ಮೂರನೇ ಹಂಪಿನ ಹೊತ್ತಿಗೆ, "ನಾನು ನಡ್ಕೊಂಡೇ ಬರ್ತೀನಿ, ನೀವು ಹೋಗಿರಿ" ಅಂದರು. ನಿಜ ಹೇಳಬೇಕೆಂದರೆ ಅವರೇ ಮುಂದಿದ್ದರು.

ಆಮೇಲೆ ಸಿಕ್ಕಿತು ಹುರುಳಿ. ಸುಗ್ಗಿಯಲ್ಲಿ ಹುರುಳಿ ಗಿಡ ಕಿತ್ತು ರಸ್ತೆಗೇ ಹರಡಿರುತ್ತಾರೆ. ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಮುಂದಿನ ಬಸ್ಸು ಅದರ ಮೇಲೆ ಆರಾಮಾಗಿ ಹೋಯಿತು. ನನ್ನ ಕಾರು ಹೋಗಲಿಲ್ಲ, ಗುಡಿಸಿತು. ಐವತ್ತು ಅಡಿ ಉದ್ದಕ್ಕೂ ರಸ್ತೆ ಚೊಕ್ಕಟವಾಯಿತು. ಬೆಳೆಯೆಲ್ಲ ಬಂಪರಿನ ಮುಂದೆ ಒಂದು ಗುಡ್ಡೆ, ಹೊಟ್ಟೆಯ ಕೆಳಗೆ ಇನ್ನೊಂದು. ಬಿಸಿ ಸೈಲೆನ್ಸರಿಗೆ ಒಣ ಸೊಪ್ಪು ತಾಗಿದರೆ ಕಾರೇ ಹೊತ್ತಿಕೊಳ್ಳುತ್ತದೆ, ಅದು ತಮಾಷೆಯ ಮಾತಲ್ಲ. ಎಂಜಿನ್ ಆರಿಸಿ ಎಲ್ಲರನ್ನೂ ಇಳಿಸಿದೆ. ದೊಡ್ಡಮ್ಮ ಈ ಸಲ ಎಳೆಯುವ ಮೊದಲೇ ಇಳಿದಿದ್ದರು.

ಹೊಲದವನು ಕುಡುಗೋಲು ಹಿಡಿದು ಓಡಿ ಬಂದ. ಜಗಳಕ್ಕೇ ಬಂದ ಅಂದುಕೊಂಡೆ. ಅವನು ಅಂಗಾತ ಮಲಗಿ ಆಕ್ಸಲ್ಲಿಗೆ ಸುತ್ತಿಕೊಂಡಿದ್ದ ಬಳ್ಳಿಯನ್ನೆಲ್ಲ ಕೊಯ್ದು ತೆಗೆದ. ಎದ್ದು, ರಸ್ತೆ ನೋಡಿದ, ಗುಡ್ಡೆ ನೋಡಿದ, ಕಾರು ನೋಡಿದ.

"ಇದನ್ನ ಹಿಂಗೇ ಮಾಡಿಸಿದ್ದಾ ಸಾ?"

"ಹೌದು."

"ಒಳ್ಳೇದಾಯ್ತು. ಆ ಕಡೆ ಸಾಲೂ ಎಳೆದು ಗುಡ್ಡೆ ಹಾಕೊಟ್ಟು ಹೋಗಿ."

ಅಷ್ಟು ದಿನದಲ್ಲಿ ನನ್ನ ಮಾಡಿಫಿಕೇಷನ್ನನ್ನು ಮನಸಾರೆ ಮೆಚ್ಚಿದವನು ಅವನೊಬ್ಬನೇ.

ಬೆಂಗಳೂರಿಗೆ ಬಂದ ಮೇಲೆ ಟೈರ್ ನೋಡಿಸಿದೆ. ಹೊರಗಡೆ ಹೊಸದರಂತಿದೆ, ಒಳ ಅಂಚಿನಲ್ಲಿ ತಂತಿ ಇಣುಕುತ್ತಿದೆ. ಕಾರು ತಗ್ಗಿದಾಗ ಚಕ್ರದ ಕೋನವೂ ಬದಲಾಗುತ್ತದೆ, ಅಲೈನ್‌ಮೆಂಟ್ ಮಾಡಿಸಬೇಕಿತ್ತು. ನಾನು ಕಾರು ತೊಳೆಸಿದ್ದೆ. ಮುಂದಿನ ಎರಡೂ ಶಾಕ್ ಅಬ್ಸಾರ್ಬರಿನಲ್ಲಿ ಆಯಿಲ್ ಸೋರಿಕೆ ಬೇರೆ. ಸಾಕಪ್ಪಾ, ಹಳೇ ಸ್ಪ್ರಿಂಗನ್ನೇ ಹಾಕಿಸೋಣ ಅಂತ ಬಾಲ್ಕನಿಗೆ ಹೋದೆ.

ನಾಲ್ಕು ಸ್ಪ್ರಿಂಗಿನ ಮೇಲೂ ಒಂದೊಂದು ಹೂವಿನ ಕುಂಡ ಕೂತಿತ್ತು. ನೀರು ಕೆಳಗಿಳಿಯಲು ಅದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ಇಲ್ಲವಂತೆ. "ದಾಸವಾಳ ಈಗ ತಾನೇ ಮೊಗ್ಗು ಬಿಟ್ಟಿದೆ, ಮುಟ್ಟಬೇಡ" ಅಂದರು ಅಮ್ಮ. ಒಂದು ವಾರ ಮಾತುಕತೆ ನಡೆಯಿತು. ಕೊನೆಗೆ ಕಾರಿನಿಂದ ತೆಗೆದ ಸ್ಪ್ರಿಂಗುಗಳನ್ನು ಬದಲಿಗೆ ಕೊಡುತ್ತೇನೆ ಅಂದ ಮೇಲೆ ಒಪ್ಪಿದರು.

ಈಗ ಕಾರಿನಲ್ಲಿ ಮತ್ತೆ ನಾಲ್ಕು ಬೆರಳಿನ ಗ್ಯಾಪ್ ಇದೆ. ಬಾಲ್ಕನಿಯ ಕುಂಡಗಳು ಮಾತ್ರ ಮೊದಲಿಗಿಂತ ತಗ್ಗಾಗಿವೆ. ಮೊನ್ನೆ ಆ ಗೆಳೆಯ ಬಂದಿದ್ದ. ಕಾಫಿ ಕುಡಿಯುತ್ತಾ ದಾಸವಾಳದ ಕಡೆ ನೋಡಿ, "ಲುಕ್ ಚೆನ್ನಾಗಿದೆ ಕಣೋ" ಅಂದ.