ಆ ಮಣ್ಣು ಸತ್ತಿಲ್ಲ ಕಣ್ರೀ

ಬೆಳಗ್ಗೆ ಹಾಲು ತರಲು ಹೋದವಳು ಹಾಲು ಮರೆತು ಮಣ್ಣು ಹೊತ್ತುಕೊಂಡು ಬಂದೆ. ನಗಬೇಡಿ, ಮನೆಯವರು ನಕ್ಕಿದ್ದೇ ಸಾಕಾಗಿದೆ.

ನಮ್ಮ ಬೀದಿ ಕೊನೆಯಲ್ಲಿ, ಮೋರಿ ಪಕ್ಕ, ಇಪ್ಪತ್ತು ಕುಂಡದ ಮಣ್ಣು ಬಿದ್ದಿತ್ತು. ಮಕ್ಕಳು ಮರಳಲ್ಲಿ ಇಡ್ಲಿ ಮಾಡಿಟ್ಟ ಹಾಗೆ, ಕುಂಡದ ಆಕಾರದಲ್ಲೇ ಸಾಲಾಗಿ ಕೂತಿತ್ತು. ಒಂದನ್ನು ಚಪ್ಪಲಿ ತುದಿಯಲ್ಲಿ ತಟ್ಟಿದೆ. ಒಡೆದು ಒಳಗಿಂದ ದಪ್ಪನೆಯ ಎರೆಹುಳ ಹೊರಬಂತು. ಬಿಸಿಲು ಕಂಡಿದ್ದೇ ಮತ್ತೆ ಒಳಗೆ ನುಗ್ಗಲು ಒದ್ದಾಡುತ್ತಿತ್ತು.

ಆ ಮನೆಯವರು ಗೇಟಲ್ಲೇ ನಿಂತಿದ್ದರು. ಕೇಳಿದೆ. "ಅದು ಸತ್ತ ಮಣ್ಣು ಮೇಡಂ, ಪವರೇ ಇಲ್ಲ. ದಸರಾಗೆ ಎಲ್ಲಾ ಹೊಸದಾಗಿ ಮಾಡಿಸ್ತಿದೀವಿ" ಅಂದರು. ಹಿಂದೆ ಪಾಟಿಂಗ್ ಮಿಕ್ಸ್ ಚೀಲಗಳು ಜೋಡಿಸಿಟ್ಟಿದ್ದವು. ಅಕ್ಕಿ ಬೆಲೆಗೆ ಮಣ್ಣು! ಅದರಲ್ಲೂ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ. ಹೋದ ವರ್ಷ ಇವರೇ ಮಣ್ಣಿನ ಗಣಪನನ್ನು ಬಕೆಟ್ಟಲ್ಲಿ ಕರಗಿಸಿ, ಆ ನೀರನ್ನು ಇದೇ ಕುಂಡಗಳಿಗೆ ಹೊಯ್ದು ಫೋಟೋ ಹಾಕಿದ್ದರು. ನಾನೂ ಲೈಕ್ ಒತ್ತಿದ್ದೆ. ಈಗ ಗಣಪ ಮೋರಿ ಪಕ್ಕ.

ಮಣ್ಣು ಸಾಯಲ್ಲ ಸ್ವಾಮಿ, ಹಸಿಯುತ್ತದೆ. ಮೇ ತಿಂಗಳಿಂದ ಬಿದ್ದ ಮಳೆ, ದಿನಾ ನಾವು ಹೊಯ್ಯುವ ನೀರು ಎಲ್ಲಾ ಸೇರಿ ಕುಂಡದ ಸಾರವನ್ನು ತಳದ ತೂತಿನಿಂದ ಹರಿಸಿಬಿಟ್ಟಿರುತ್ತದೆ. ಹಸಿದವರಿಗೆ ಊಟ ಹಾಕುತ್ತಾರೋ, ಬೀದಿಗೆ ತಳ್ಳುತ್ತಾರೋ? ಕುಂಡ ಬಗ್ಗಿಸಿ, ಹಳೇ ಬೇರು ಆರಿಸಿ, ಹೆಂಟೆ ಪುಡಿ ಮಾಡಿ, ಎರಡು ದಿನ ನೆರಳಲ್ಲಿ ಹರಡಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಅಷ್ಟೇ.

ಹ್ಯೂಸ್ಟನ್ನಿನಲ್ಲಿರುವ ನಮ್ಮಕ್ಕನ ಮಗಳಿಗೂ ಈಗ ಇದೇ ಕೆಲಸ. ಅಲ್ಲಿ ಆಗಸ್ಟ್ ಅಂದರೆ ನಮ್ಮ ಏಪ್ರಿಲ್‌ಗಿಂತ ಕೆಟ್ಟ ಸೆಕೆ. ರಾತ್ರಿಯೂ ತಣಿಯದೆ ಟೊಮೆಟೊ ಹೂವೆಲ್ಲ ಕಾಯಿ ಕಚ್ಚದೆ ಉದುರುತ್ತದೆ. ಸೋತ ಗಿಡ ಕಿತ್ತು, ಮಣ್ಣಿಗೆ ಕಾಂಪೋಸ್ಟ್ ಕೊಟ್ಟು, ಮೇಲೆ ಒಣ ಎಲೆ ಹೊದಿಸಿ, ಬಿಸಿಲು ಇಳಿದ ಮೇಲೆ ಕ್ಯಾರೆಟ್, ಬ್ರಾಕೊಲಿ ಹಾಕುತ್ತಾಳೆ. ದುಡ್ಡು ಕೊಟ್ಟರೆ ಎಂಥ ಮಣ್ಣೂ ಸಿಗುವ ಊರಲ್ಲಿದ್ದುಕೊಂಡು ಅವಳು ಹಳೇ ಮಣ್ಣು ಎಸೆಯಲ್ಲ. ನಾವು ಮೈಸೂರಲ್ಲಿ ಎಸೆಯುತ್ತೇವೆ.

"ಮಣ್ಣಲ್ಲಿ ರೋಗ ಇದ್ದರೆ?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಸರಿ, ಇರಬಹುದು. ಕಿತ್ತ ಗಿಡದ ಬೇರು ನೋಡಿದಿರಾ? ಬದನೆ, ಟೊಮೆಟೊ ಗಿಡದ ಬೇರು ಅಲ್ಲಲ್ಲಿ ಊದಿಕೊಂಡು ಗಂಟುಗಂಟಾಗಿದ್ದರೆ ಅದು ಜಂತುಹುಳದ (ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಕಾಟ. ಆ ಕುಂಡಕ್ಕೆ ಮತ್ತೆ ಬದನೆ, ಟೊಮೆಟೊ ಬೇಡ, ಚೆಂಡು ಹೂ ಹಾಕಿ, ಹುಳ ಕಮ್ಮಿಯಾಗುತ್ತದೆ. ಅವರೆ ಬೇರಿನ ಗಂಟು ಕಂಡು ಮಾತ್ರ ಹೆದರಬೇಡಿ. ಅದು ಉಗುರಲ್ಲಿ ಕೆರೆದರೆ ಉದುರುತ್ತದೆ, ಒಳಗೆ ನಸುಗೆಂಪು. ಗಾಳಿಯ ಸಾರಜನಕ ಹಿಡಿದು ಕೊಡುವ ಗಂಟು ಅದು. ಇಪ್ಪತ್ತು ಕುಂಡಕ್ಕೂ ಒಟ್ಟಿಗೇ ರೋಗ ಬಂದಿತ್ತಾ? ಸುಮ್ನೆ ಸಬೂಬು.

ನಿಜ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ನಾನೂ ಹೀಗೇ ಎಸೆದಿದ್ದೆ. ಆಗ ಅಪ್ಪ ಮಳವಳ್ಳಿಯಿಂದ ಬಂದಿದ್ದರು. ಒಂದು ಮಾತೂ ಆಡಲಿಲ್ಲ. ಪಂಚೆ ಎತ್ತಿಕಟ್ಟಿ, ಬಾಂಡಲಿ ಹಿಡಿದು, ಅಷ್ಟನ್ನೂ ಬಳಿದು ತಂದು ಹಿತ್ತಲಿಗೆ ಸುರಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಹಿತ್ತಲಿಗೆ ಅವರು ಊರಿದ ಅವರೆಯ ಬೀಜವೇ ಇವತ್ತಿಗೂ ನಮ್ಮನೇಲಿ ಇರೋದು.

ಅವರೆ ಊರಲು ಇದೇ ಹೊತ್ತು, ಇನ್ನು ತಡ ಮಾಡಬಾರದು. ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡಲ್ಲ, ಧನುರ್ಮಾಸದ ಚಳಿಗೇ ಅದರ ಸೊಗಡು. ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತದೆ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ ಹಿದುಕಿದ ಬೇಳೆ ತಿನ್ನೋದು ಯಾಕೋ ನನಗೆ ಸರಿ ಬರಲ್ಲ. ಮೂಲಂಗಿ, ಮೆಂತ್ಯ, ಕೊತ್ತಂಬರಿಗೆ ಇನ್ನೂ ಟೈಮಿದೆ. ಕೋಸಿನ ಸಸಿ ಮಡಿ ಮಾತ್ರ ಈಗಲೇ ಮಾಡಿಕೊಳ್ಳಿ. ದಸರಾಗೆ ಹೂ ಬಿಟ್ಟ ಪೆಟೂನಿಯಾ ತಂದು, ಹಬ್ಬ ಮುಗಿದ ಮೇಲೆ ಕಸದ ಗಾಡಿಗೆ ಹಾಕುವವರಿಗೆ ನಾನು ಏನೂ ಹೇಳಲ್ಲ. ಹೇಳಿದೆ ಅಲ್ವಾ? ಹೋಗಲಿ.

ಸ್ಕೂಟರಲ್ಲಿ ಮೂರು ಟ್ರಿಪ್ ಹೊಡೆದೆ. ಸೊಂಟ ಹಿಡಿದುಕೊಂಡಿದೆ, ಸೀಟೆಲ್ಲ ಕೆಂಪು. ಮನೆಯಲ್ಲಿ ಎಲ್ಲರಿಗೂ ಹಾಲಿಲ್ಲದ ಕಾಫಿ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತಾರೆ, ಆದರೆ ಇವತ್ತು ಸಂಜೆ ಸುರಿದರೆ ಉಳಿದಿದ್ದೆಲ್ಲ ಮೋರಿ ಪಾಲು. ಇನ್ನೂ ಎಂಟು ಕುಂಡದಷ್ಟಿದೆ. ಹತ್ತಿರದವರು ಯಾರಾದರೂ ಚೀಲ ತಗೊಂಡು ಬನ್ನಿ. ಸಲಿಕೆ ನಾನು ಕೊಡುತ್ತೇನೆ.