ಅಶೋಕನೂ ಒಂದು ವರ್ಷ ಮೈಗಳ್ಳನಾಗಿದ್ದ

ನಮ್ಮ ಕೊಪ್ಪಳದ ಗವಿಮಠದ ಗುಡ್ಡ ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಲ್ಲ. ಜಾತ್ರೆಗೆ ಹೋಗಿದ್ದೇನೆ, ಮಹಾದಾಸೋಹದಲ್ಲಿ ಕೂತು ಉಂಡಿದ್ದೇನೆ. ಆದರೆ ಅಲ್ಲಿ ಬಂಡೆಯ ಮೇಲಿರುವ ಅಶೋಕನ ಶಾಸನದಲ್ಲಿ ಏನಿದೆ ಅಂತ ತಿಳಿದಿದ್ದು ನಲವತ್ತೈದು ದಾಟಿದ ಮೇಲೆ. ಪ್ರಾಣಿ ಕೊಲ್ಲಬೇಡಿ, ಹಿರಿಯರ ಮಾತು ಕೇಳಿ ಅಂತ ಏನೋ ಉಪದೇಶ ಇರಬೇಕು ಅಂದುಕೊಂಡಿದ್ದೆ.

ನೋಡಿದರೆ ರಾಜ ತನ್ನ ಕಥೆ ಹೇಳಿಕೊಂಡಿದ್ದಾನೆ. ಉಪಾಸಕನಾಗಿ, ಅಂದರೆ ಮನೆಯಲ್ಲಿದ್ದೇ ಬುದ್ಧನ ದಾರಿ ಹಿಡಿದು, ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು. ಮೊದಲ ಒಂದು ವರ್ಷ ನಾನೇನೂ ಅಂಥ ಪ್ರಯತ್ನ ಮಾಡಲಿಲ್ಲ. ಭಿಕ್ಷು ಸಂಘದ ಹತ್ತಿರ ಹೋಗಿ ಈಗ ವರ್ಷದ ಮೇಲಾಯಿತು, ಈಗ ಜೋರಾಗಿ ಪ್ರಯತ್ನ ನಡೆದಿದೆ. ಹೆಚ್ಚು ಕಡಿಮೆ ಇದು ಅದರ ಸಾರ. ಅಲ್ಲೇ ಎದುರಿನ ಪಾಲ್ಕಿಗುಂಡಿನಲ್ಲೂ ಇದೇ ಮಾತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೇ. 1915ರಲ್ಲಿ ಬಂಗಾರದ ಅದಿರು ಹುಡುಕಲು ಬಂದ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಬರೀ 'ದೇವಾನಾಂಪ್ರಿಯ' ಅನ್ನುವ ಬಿರುದಷ್ಟೇ ಇರದೆ ಅಶೋಕ ಅನ್ನುವ ಹೆಸರೇ ಇದ್ದಿದ್ದರಿಂದ ಮಸ್ಕಿ ಎಲ್ಲರಿಗೂ ಗೊತ್ತು. ಆ ಒಂದು ವರ್ಷದ ಸೋಮಾರಿತನದ ಸಾಲು ಮಾತ್ರ ಯಾರ ಬಾಯಲ್ಲೂ ಕೇಳಿರಲಿಲ್ಲ.

ಅದನ್ನು ಓದಿದ ದಿನ ನನಗೆ ಸಣ್ಣಗೆ ನಗು ಬಂತು. ನನ್ನದೂ ಅದೇ ಕಥೆ.

ನಾನು ಹಿಟ್ಟಿನ ಗಿರಣಿಯವ. ನಾಲ್ಕು ವರ್ಷದ ಹಿಂದೆ ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ವಿಪಶ್ಯನ, ಅಂದರೆ ಬುದ್ಧನ ಪದ್ಧತಿಯ ಧ್ಯಾನದ, ಶಿಬಿರಕ್ಕೆ ಹೋಗಿದ್ದೆ. ಬರ್ಮಾದಲ್ಲಿ ಕಲಿತು 1969ರಿಂದ ಭಾರತದಲ್ಲಿ ಕಲಿಸಲು ಶುರು ಮಾಡಿದವರು ಅವರು. ನಸುಕಿನ ನಾಲ್ಕಕ್ಕೆ ಗಂಟೆ, ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಬರೀ ಉಸಿರು, ಅಂದರೆ ಆನಾಪಾನ. ನಾಲ್ಕನೇ ದಿನದಿಂದ ಮೈಯಲ್ಲಿ ಏಳುವ ಸಂವೇದನೆಗಳನ್ನು ನೋಡುವುದು. ವಾಪಸ್ ಬಂದಾಗ ನಾನೇ ಬೇರೆ ಮನುಷ್ಯ ಆಗಿಬಿಟ್ಟೆ ಅನ್ನಿಸಿತ್ತು. ಮನೆಯವಳು ಮಾತ್ರ "ಎಂಟು ದಿನ ತಡೀರಿ, ನೋಡೋಣು" ಅಂದಳು.

ಅವಳ ಲೆಕ್ಕ ತಪ್ಪಲಿಲ್ಲ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಿ ಅಂತ ಹೇಳಿ ಕಳಿಸಿದ್ದರು. ಸಂಜೆಯದು ಮೂರೇ ವಾರಕ್ಕೆ ಬಿತ್ತು. ಬೆಳಗಿನದು ತೂಕಡಿಕೆ ಆಯಿತು. ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲೆ ಉಸಿರು ತಾಗುವುದನ್ನು ಗಮನಿಸಬೇಕಲ್ಲ, ನನಗೆ ಅಲ್ಲಿ ತಾಗುವುದು ಹಿಟ್ಟಿನ ದೂಳು. ಇಪ್ಪತ್ತು ವರ್ಷದ ಗಿರಣಿ ಮೂಗು ಇದು, ಒಂದು ಹೊಳ್ಳೆ ಯಾವಾಗಲೂ ಬಂದ್. ಉಸಿರು ಸರಿಯಾಗಿ ಗೊತ್ತಾಗಲಿ ಅಂತ ಜೋರಾಗಿ ಎಳೆಯುತ್ತಿದ್ದೆ. ಎಳೆದು ಎಳೆದು ತಲೆನೋವು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಆ್ಯಪ್ ಹಾಕಿಕೊಂಡೆ. ಯೂಟ್ಯೂಬಿನಲ್ಲಿ ಟಿಬೆಟಿನವರದು, ಜಪಾನಿನ ಝೆನ್‌ನವರದು, ಥಾಯ್ ಕಾಡಿನ ಭಿಕ್ಷುಗಳದು, ಎಲ್ಲ ಕೇಳಿದೆ. ಇನ್ನೊಂದು ಶಿಬಿರಕ್ಕೂ ಹೋಗಿ ಬಂದೆ. ಮತ್ತೆ ಎಂಟು ದಿನ ಉಬ್ಬು, ಮತ್ತೆ ಇಳಿತ. ಧ್ಯಾನ ಆಳಕ್ಕೆ ಹೋಗುತ್ತಿಲ್ಲ ಅಂದರೆ ಪದ್ಧತಿ ಬದಲಿಸಬೇಕು, ಇಲ್ಲವೇ ಜಾಸ್ತಿ ಹೊತ್ತು ಕೂರಬೇಕು ಅಂತಲೇ ನನ್ನ ತಲೆಯಲ್ಲಿತ್ತು. ಜೊತೆಗೆ ಯಾರೂ ಇಲ್ಲ ಅನ್ನುವುದು ಒಂದು ಕೊರತೆ ಅಂತ ಅನ್ನಿಸಲೇ ಇಲ್ಲ. ಧ್ಯಾನ ಅಂದರೆ ಒಬ್ಬನೇ ಗವಿಯಲ್ಲಿ ಕೂರುವ ಕೆಲಸ ಅಲ್ವಾ ಅಂತ.

ಅಲ್ಲ. ಈಗ ನನ್ನ ಗಟ್ಟಿ ಅಭಿಪ್ರಾಯ ಅದು. ಬುದ್ಧನ ದಾರಿಯಲ್ಲಿ ಒಬ್ಬನೇ ಕೂತು ಆಳಕ್ಕೆ ಇಳಿಯುತ್ತೇನೆ ಅನ್ನುವವರಲ್ಲಿ ನೂರಕ್ಕೆ ತೊಂಬತ್ತು ಜನ ನನ್ನ ಹಾಗೆ ತೂಕಡಿಸುತ್ತಿರುತ್ತಾರೆ. (ಲೆಕ್ಕ ನನ್ನದೇ, ಗಿರಣಿ ತಕ್ಕಡಿಯದು.)

ಕಣ್ಣು ತೆರೆಸಿದ್ದು ಜೋಳ ಬೀಸಿಸಲು ಬಂದ ಒಬ್ಬರು ನಿವೃತ್ತ ಸಾಲಿ ಅಕ್ಕೋರು, ಅಂದರೆ ಶಿಕ್ಷಕಿ. ಗಿರಣಿ ಗೋಡೆಗೆ ಶಿಬಿರದ ವೇಳಾಪಟ್ಟಿ ಅಂಟಿಸಿದ್ದೆ. ಹಿಟ್ಟು ಕೂತು ಅರ್ಧ ಅಕ್ಷರ ಮುಚ್ಚಿಹೋಗಿತ್ತು. ಅವರು ಸೆರಗಿನ ತುದಿಯಿಂದ ಒರೆಸಿ ಓದಿ, "ತಮ್ಮಾ, ಇದು ನೀ ಕುಂದ್ರಾಕ ಹಚ್ಚೀಯೋ, ಗೋಡಿ ಕುಂದ್ರಾಕ ಹಚ್ಚೀಯೋ?" ಅಂದರು. ಅವರು ಹತ್ತು ವರ್ಷದಿಂದ ಕೂರುತ್ತಿದ್ದವರು. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಗಿರಣಿ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ಇಬ್ಬರೂ ಚಾಪೆ ಹಾಕಿ ಕೂತೆವು. ಈಗ ಬಸ್ ಡಿಪೊದ ಒಬ್ಬ ಹುಡುಗನೂ ಡ್ಯೂಟಿ ಇಲ್ಲದಾಗ ಬರುತ್ತಾನೆ.

ಒಂದು ತಾಸು ಆದ ಮೇಲೆ ಅಕ್ಕೋರು ಒಂದೇ ಪ್ರಶ್ನೆ ಕೇಳುತ್ತಾರೆ. ಬೆಳಕು ಕಂಡಿತೇ, ಮೈ ಹಗುರಾಯಿತೇ ಅಂತ ಕೇಳುವುದಿಲ್ಲ. "ಈ ವಾರ ಎಷ್ಟು ದಿನ ತಪ್ಪಿತು?"

ಮೊದಲ ಸಲ ನಾನು "ಒಂದೂ ಇಲ್ರೀ ಅಕ್ಕೋರ" ಅಂದೆ.

"ಗುರುವಾರ ನಸುಕಿನ್ಯಾಗ ಐದಕ್ಕ ಗಿರಣಿ ಸಪ್ಪಳ ಕೇಳಿದ್ನೆಲ್ಲೋ. ಗಿರಣಿ ಮ್ಯಾಲ ಕುಂತಿದ್ದೇನು?"

ನಾನು ಸುಮ್ಮನಾದೆ.

"ಹೋಗ್ಲಿ ಬಿಡು. ಕುಂದ್ರೂದು ತಪ್ಪಿದ್ರ ನಾಳೆ ಕೂಡಬಹುದು. ಈಗ ನಾಕನೇ ಶೀಲಾನೂ ಹೋತಲ್ಲ."

ಐದು ಶೀಲಗಳಲ್ಲಿ ನಾಲ್ಕನೆಯದು ಸುಳ್ಳು ಹೇಳದಿರುವುದು. ಅವತ್ತು ನನಗೆ ಕಲಿಯಲು ಅಷ್ಟೇ ಸಾಕಿತ್ತು.

ತೂಕಡಿಕೆಗೂ ಅವರೇ ದಾರಿ ತೋರಿಸಿದರು. ಬುದ್ಧನ ದೊಡ್ಡ ಶಿಷ್ಯ ಮೊಗ್ಗಲ್ಲಾನನೇ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದನಂತೆ. ಬುದ್ಧನ ಮಾತುಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಇದೆ. ಬುದ್ಧ ಬೈಯಲಿಲ್ಲ. ಒಂದಾದ ಮೇಲೊಂದು ಉಪಾಯ ಹೇಳಿದ. ಕಲಿತ ಧರ್ಮವನ್ನು ನೆನೆ, ಬಾಯಿಬಿಟ್ಟು ಹೇಳಿಕೋ. ಹೋಗಲಿಲ್ಲವೇ, ಎರಡೂ ಕಿವಿ ಎಳೆದುಕೋ, ಕೈಕಾಲು ತಿಕ್ಕಿಕೋ. ಆದರೂ ಹೋಗಲಿಲ್ಲವೇ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು. ಅಡ್ಡಾಡು. ಯಾವುದಕ್ಕೂ ಬಗ್ಗದಿದ್ದರೆ ಬಲಮಗ್ಗುಲಾಗಿ ಮಲಗು. ಎಂಥ ಮನುಷ್ಯತ್ವದ ಮಾತು ನೋಡಿ! ನಾನು ನಸುಕಿನಲ್ಲಿ ಎದ್ದು ತೊಟ್ಟಿಯ ನೀರು ಮುಖಕ್ಕೆ ಹಾಕಿಕೊಂಡು ಗಿರಣಿ ಅಂಗಳದಲ್ಲಿ ನಿಲ್ಲುತ್ತೇನೆ. ಮೇ ತಿಂಗಳಲ್ಲಿ ನಮ್ಮೂರ ತೊಟ್ಟಿ ನೀರು ನಸುಕಿನಲ್ಲೂ ಬೆಚ್ಚಗೇ ಇರುತ್ತದೆ, ಅದು ಬೇರೆ ಮಾತು. ಆದರೆ ನಕ್ಷತ್ರ ಕೆಲಸ ಮಾಡುತ್ತದೆ.

ಮೂಗಿನ ವಿಷಯವನ್ನೂ ನಾಚಿಕೆ ಬಿಟ್ಟು ಹೇಳಿದೆ. "ಬುದ್ಧನ ಉಪದೇಶದ ಸುತ್ತದಾಗ ಏನೈತಿ? ಉಸಿರು ಉದ್ದ ಇದ್ರ ಉದ್ದ ಅಂತ ತಿಳೀತಾನ, ಗಿಡ್ಡ ಇದ್ರ ಗಿಡ್ಡ ಅಂತ ತಿಳೀತಾನ ಅಂತೈತಿ. ಉದ್ದ ಮಾಡು ಅಂತ ಎಲ್ಲೈತಿ? ಕಟ್ಟಿದ್ರ ಕಟ್ಟೈತಿ ಅಂತ ತಿಳಿ" ಅಂದರು. ಆಗ ನನಗೆ ಗಿರಣಿಯೇ ನೆನಪಾಯಿತು. ಕಲ್ಲು ಸವೆದಿದೆಯೋ ಇಲ್ಲವೋ ಅಂತ ನಾನು ಕಿವಿಯಿಂದಲೇ ಹೇಳುತ್ತೇನೆ. ಸಪ್ಪಳವನ್ನು ನಾನು ಮಾಡುವುದಿಲ್ಲ, ಬರೀ ಕೇಳುತ್ತೇನೆ. ಇಪ್ಪತ್ತು ವರ್ಷದಿಂದ ಬಂದಿದ್ದ ವಿದ್ಯೆಯನ್ನು ಚಾಪೆಯ ಮೇಲೆ ಕೂತ ಕೂಡಲೇ ಮರೆಯುತ್ತಿದ್ದೆ. ಈಗ ಬಂದ್ ಆದ ಹೊಳ್ಳೆಯ ಅಂಚಿನಲ್ಲಿ ಸಣ್ಣ ತಂಪು ಗೊತ್ತಾಗುತ್ತದೆ. ಕೆಲವು ದಿನ ಅಷ್ಟೇ. ಉಳಿದ ದಿನ ಸೀನು.

ಇವೆಲ್ಲ ಪುಸ್ತಕದಲ್ಲೇ ಇದ್ದವು, ಯೂಟ್ಯೂಬಿನಲ್ಲೂ ಇದ್ದಿರಬೇಕು. ಆದರೆ ನನ್ನ ತಲೆನೋವು ಎಲ್ಲಿಂದ ಬರುತ್ತಿದೆ ಅಂತ ನನ್ನ ಎದುರು ಕೂತವರಿಗೇ ಕಾಣಬೇಕಾಯಿತು. ಶಿಷ್ಯ ಆನಂದ ಒಮ್ಮೆ ಬುದ್ಧನಿಗೆ, ಒಳ್ಳೆಯ ಗೆಳೆಯರು ಸಿಕ್ಕರೆ ಈ ದಾರಿ ಅರ್ಧ ಮುಗಿದ ಹಾಗೆ ಅನ್ನುತ್ತಾನೆ. ಹಾಗೆನ್ನಬೇಡ ಆನಂದ, ಅರ್ಧ ಅಲ್ಲ, ಪೂರ್ತಿ ದಾರಿಯೇ ಅದು ಅನ್ನುತ್ತಾನೆ ಬುದ್ಧ. ಕಲ್ಯಾಣಮಿತ್ರ ಅನ್ನುವುದು ಅವನ ಪದ. ಮನೆ ಮಠ ಬಿಟ್ಟ ಭಿಕ್ಷುಗಳೂ ಹುಣ್ಣಿಮೆ ಅಮವಾಸ್ಯೆಗೆ ಒಂದೆಡೆ ಸೇರಿ ನಿಯಮಗಳನ್ನು ಹೇಳಿಕೊಳ್ಳುತ್ತಾರೆ, ತಪ್ಪಿದ್ದನ್ನು ಒಪ್ಪಿಕೊಳ್ಳುತ್ತಾರೆ. ನಮ್ಮದೂ ಈಗ ಅಮವಾಸ್ಯೆಗೆ ಒಂದು ಕೂಟ ಇದೆ. ಅವತ್ತು ಗಿರಣಿ ಪೂಜೆ ಮಾಡಿ ಮಧ್ಯಾಹ್ನಕ್ಕೇ ಬಂದ್ ಮಾಡುತ್ತೇನೆ, ಸಂಜೆ ಎರಡು ತಾಸು ಕೂರುತ್ತೇವೆ.

ಶಾಸನದಲ್ಲಿ ಧ್ಯಾನದ ಮಾತಿಲ್ಲ, ಅಶೋಕ ಹೇಳಿದ್ದು ಧರ್ಮದ ಪ್ರಯತ್ನದ ಬಗ್ಗೆ ಅಂತ ತಿಳಿದವರು ತಿದ್ದಬಹುದು. ತಿದ್ದಿ, ಒಪ್ಪುತ್ತೇನೆ. ಆದರೆ ಅದೇ ಬಂಡೆ ಇನ್ನೊಂದು ಮಾತೂ ಹೇಳುತ್ತದೆ. ಇದು ದೊಡ್ಡವರಿಗಷ್ಟೇ ಸಿಗುವುದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸಿಗುತ್ತದೆ ಅಂತ. ಗಿರಣಿಯವನೂ ಅದರಲ್ಲಿ ಬಂದ ಅಂತ ನಾನು ಓದಿಕೊಂಡಿದ್ದೇನೆ.

ಇದನ್ನು ಬರೆಯುತ್ತಿರುವುದು ಶನಿವಾರ ರಾತ್ರಿ. ಈ ವಾರ ಮೂರು ದಿನ ತಪ್ಪಿದೆ. ಸಂಜೆ ಕೂರಬೇಕಾದ ತಾಸನ್ನು ಈ ಬರಹ ತಿಂದಿತು, ಅಲ್ಲಿಗೆ ನಾಲ್ಕು. ನಾಳೆ ಆರಕ್ಕೆ ಅಕ್ಕೋರು ಕೇಳುತ್ತಾರೆ. ಅವರು ಫೇಸ್‌ಬುಕ್ಕಿನಲ್ಲಿ ಇಲ್ಲ, ಆದರೆ ಡಿಪೊ ಹುಡುಗ ಇದ್ದಾನೆ.